ಹೆದರಿದವರ ದೇವರು

"ಬಾಗಲಾ ಹಾಕಪಾ. ನಾ ಅಳೋದು ಅವರು ಕೇಳಿದ್ರ ವಿಶ್ವಾಸ ಇಲ್ಲ ಅಂತಾರ."

ನನ್ನ ಅವ್ವ ಆಸ್ಪತ್ರೆಯ ಮಂಚದ ಮೇಲೆ ಕೂತು ಹೇಳಿದ ಮಾತು ಇದು. ಮರುದಿನ ಬೆಳಿಗ್ಗೆ ಆಪರೇಷನ್ ಇತ್ತು. ಹೊಟ್ಟೆಯೊಳಗಿನ ಗಡ್ಡೆ ಯಾವ ಬಗೆಯದೆಂದು ಡಾಕ್ಟರಿಗೂ ಇನ್ನೂ ತಿಳಿದಿರಲಿಲ್ಲ. ಸಂಜೆ ಪ್ರಾರ್ಥನಾ ಕೂಟದ ಆರೇಳು ಮಂದಿ ಬಂದು ಹೋಗಿದ್ದರು. ಒಳ್ಳೆಯ ಜನ. ಹಣ್ಣು ತಂದಿದ್ದರು; ಒಬ್ಬಾಕೆ ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದಳು. ಅವ್ವ ಅವರೆದುರು "ನನಗ ಭಾಳ ಅಂಜಿಕಿ ಆಗೇತಿ" ಅಂದಳು. ಅಷ್ಟು ಅಂದದ್ದೇ ತಡ, ಕೂಟದ ಹಿರಿಯರು ಕೈಯೆತ್ತಿ ತಡೆದರು. ಆ ಮಾತು ಬಾಯಿಂದ ಬರಬಾರದು, ಭಯ ಸೈತಾನನದು, ಭಯ ಇದ್ದಲ್ಲಿ ವಿಶ್ವಾಸ ಇರುವುದಿಲ್ಲ, ವಿಶ್ವಾಸ ಇಲ್ಲದಲ್ಲಿ ದೇವರು ಕೆಲಸ ಮಾಡುವುದಿಲ್ಲ ಎಂದರು. 'ನನಗೆ ಗುಣವಾಗಿದೆ' ಎಂದು ಈಗಲೇ ಬಾಯಿಬಿಟ್ಟು ಹೇಳಿರಿ ಎಂದರು. ಅವ್ವ ಹೇಳಿದಳು. ಮೂರು ಸಲ ಹೇಳಿಸಿದರು, ಮೂರು ಸಲವೂ ಹೇಳಿದಳು. ಅವರು ಹೋದ ಮೇಲೆ ಬಾಗಿಲು ಹಾಕಿಸಿ ಅತ್ತಳು.

ತಿಳಿವು ಬಂದಾಗಿನಿಂದ ಭಾನುವಾರ ತಪ್ಪಿಸದೆ ಚರ್ಚಿಗೆ ಹೋದ ಹೆಂಗಸು, ಬದುಕಿನ ಅತಿ ಕಷ್ಟದ ರಾತ್ರಿಯಲ್ಲಿ ತನ್ನ ಸಭೆಯವರ ಕಿವಿಗೆ ಬೀಳದಂತೆ ಅಳಬೇಕಾಯಿತು. ಆ ಬಾಗಿಲು ಹಾಕಿದ ಕೈ ನನ್ನದು. ಅದನ್ನು ಮರೆಯುವುದು ನನ್ನಿಂದ ಆಗಿಲ್ಲ.

ಇದು ಒಂದು ಕೂಟದ, ಒಂದು ಊರಿನ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಪೆಂಟೆಕೋಸ್ಟ್ ಸಭೆಗಳಲ್ಲಿ ಮಾತ್ರ ಹೀಗೆ ಎಂದು ಉಳಿದವರು ಕೈ ತೊಳೆದುಕೊಳ್ಳುವಂತಿಲ್ಲ. ಸಿ.ಎಸ್.ಐ. ಮನೆಗಳ ಪ್ರಾರ್ಥನೆಗಳಲ್ಲಿ, ಕಥೋಲಿಕರ ಕರಿಸ್ಮ್ಯಾಟಿಕ್ ಧ್ಯಾನಕೂಟಗಳಲ್ಲಿ, ಬೆಳಕು ಹರಿಯುವ ಮೊದಲೇ ವಾಟ್ಸಾಪಿಗೆ ಬಂದು ಬೀಳುವ ಚಿತ್ರವಚನಗಳಲ್ಲಿ ಇದೇ ಬೋಧನೆ. ಹೆದರುವವನು ಅರೆಬರೆ ವಿಶ್ವಾಸಿ. ಬಲಹೀನತೆ ಎಂದರೆ ಆಶೀರ್ವಾದ ಎಲ್ಲೋ ತಡೆದು ನಿಂತಿದೆ. ದೇವರು ಜೊತೆಗಿದ್ದರೆ ಮನಸ್ಸಿಗೆ ಸಮಾಧಾನ ಇರಲೇಬೇಕು. ಇಲ್ಲವೆಂದರೆ ಒಳಗೆ ಪಾಪವಿದೆ, ಇಲ್ಲವೇ ಮನೆತನದ ಶಾಪವಿದೆ. ನಾನು ಇದನ್ನು ಸುಳ್ಳು ಎನ್ನುತ್ತೇನೆ. ಅತಿರೇಕ, ಅತ್ಯುತ್ಸಾಹ ಎಂದು ಮೆತ್ತಗೆ ಹೇಳಿ ಬಿಡುವಂಥದ್ದಲ್ಲ. ಕ್ರೈಸ್ತಧರ್ಮ ಯಾವ ರಾತ್ರಿಯ ಮೇಲೆ ನಿಂತಿದೆಯೋ ಆ ರಾತ್ರಿಯನ್ನೇ ಅಳಿಸಿಹಾಕುವ ಸುಳ್ಳು.

ಈ ಬೋಧನೆ ಬೈಬಲಿನಷ್ಟೇ ಹಳೆಯದೆಂದು ನಂಬಿದವರಿದ್ದಾರೆ. ಬಾಯಿಂದ ಆಡಿದ್ದೇ ಆಗುತ್ತದೆ, ಆದ್ದರಿಂದ ಸೋಲಿನ ಮಾತನ್ನು ಆಡಲೇಬಾರದು ಎಂಬ ಈಗಿನ ರೂಪ 20ನೆಯ ಶತಮಾನದ ಅಮೆರಿಕದ್ದು. ಇ. ಡಬ್ಲ್ಯೂ. ಕೆನ್ಯನ್ ಅವರ ಪುಸ್ತಕಗಳಲ್ಲಿ ಮೊಳೆತು, ಕೆನೆತ್ ಹೇಗಿನ್ ಅವರ ಪ್ರಸಂಗಗಳಲ್ಲಿ ಬೆಳೆದು, ಕ್ಯಾಸೆಟ್ಟು, ಟಿ.ವಿ., ಈಗ ಫೋನಿನ ಮೂಲಕ ನಮ್ಮ ಊರುಗಳಿಗೆ ಇಳಿದಿದೆ. ಅದಕ್ಕೆ ಮುಂಚೆ ನಮ್ಮ ಕಡೆ ಬೇರೆ ದನಿ ಇತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, ಮೂರು ವರ್ಷದ ಮೇಲೆ ಧಾರವಾಡಕ್ಕೆ ಬಂದರು. ಜ್ವರಕ್ಕೆ, ಭೇದಿಗೆ ಹೆಂಡತಿ ಮಕ್ಕಳನ್ನು ಈ ಮಣ್ಣಿನಲ್ಲಿ ಹೂಳಿದವರು ಅವರಲ್ಲಿ ಬಹಳ. ಅವರು ಹಾಡುತ್ತಿದ್ದ ಗೀತೆಗಳ ಹಿಂದೆ ಪೌಲ್ ಗೇರ್ಹಾರ್ಟರಂಥ ಕವಿಗಳಿದ್ದರು. ಮೂವತ್ತು ವರ್ಷಗಳ ಯುದ್ಧ ಕಂಡು, ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡ ಕವಿ. ಆ ಗೀತೆಗಳಲ್ಲಿ ಕಣ್ಣೀರಿಗೆ ಜಾಗವಿತ್ತು. ಈಗ ಕೀಬೋರ್ಡಿನ ಅಬ್ಬರದಲ್ಲಿ ಜಯ, ಜಯ ಎಂಬುದೊಂದೇ ಉಳಿದಿದೆ.

ಈ ಜಯಬೋಧಕರ ಮೊದಲ ಆಯುಧ 'ಭಯಪಡಬೇಡ' ಎಂಬ ಮಾತು. ಅದು ಬೈಬಲಿನಲ್ಲಿ ಸರಿಯಾಗಿ 365 ಸಲ ಇದೆ, ದಿನಕ್ಕೊಂದರಂತೆ ದೇವರು ಕೊಟ್ಟಿದ್ದಾನೆ ಎಂದು ವೇದಿಕೆಯಿಂದ ಹೇಳುತ್ತಾರೆ. ಎಣಿಸಿ ನೋಡಿದವರಿಗೆ ಅಷ್ಟು ಸಿಕ್ಕುವುದಿಲ್ಲ. ಲೆಕ್ಕ ತಪ್ಪಿದ್ದು ಸಣ್ಣ ಮಾತು. ಅರ್ಥ ತಪ್ಪಿದ್ದು ದೊಡ್ಡದು. ಆ ಮಾತನ್ನು ದೇವರು ಯಾರಿಗೆ ಹೇಳಿದ? ಮರುಭೂಮಿಯಲ್ಲಿ ತಿತ್ತಿಯ ನೀರು ಮುಗಿದು, ಮಗ ಸಾಯುವುದನ್ನು ನೋಡಲಾರದೆ ದೂರ ಹೋಗಿ ಕೂತು ಅಳುತ್ತಿದ್ದ ದಾಸಿ ಹಾಗರಳಿಗೆ. ದೇವದೂತನ ಮಾತಿಗೆ ಕಳವಳಗೊಂಡ ನಜರೇತಿನ ಹುಡುಗಿ ಮರಿಯಳಿಗೆ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಾ ಬೆಳಕು ಕಂಡು ನಡುಗಿದ ಕುರುಬರಿಗೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿದ್ದ ಪೌಲನಿಗೆ. ಹೆದರದವರಿಗೆ ಆ ಮಾತು ಒಮ್ಮೆಯೂ ಬೇಕಾಗಲಿಲ್ಲ.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ನಡುರಾತ್ರಿ ಗುಡುಗಿಗೆ ಮಗು ಚೀರಿ ಎದ್ದಾಗ ತಾಯಿ 'ಹೆದರಬೇಡ ಕಂದಾ, ನಾನಿದ್ದೀನಿ' ಎನ್ನುತ್ತಾಳೆ. ಅದು ಅಪ್ಪಣೆಯೇ? ಮಗು ಇನ್ನೂ ನಡುಗುತ್ತಿದ್ದರೆ 'ಹೇಳಿದರೂ ಹೆದರುತ್ತೀಯಾ, ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ, ಅತ್ತ ಹೋಗು' ಎನ್ನುವ ತಾಯಿಯನ್ನು ಕಂಡವರಿದ್ದೀರಾ? ಆ ಮಾತಿನ ತೂಕವೆಲ್ಲ 'ನಾನಿದ್ದೀನಿ' ಎಂಬುದರ ಮೇಲಿದೆ. ಬೋಧಕರು ಅದನ್ನು ಕತ್ತರಿಸಿ, 'ಹೆದರಬೇಡ' ಎಂಬುದನ್ನಷ್ಟೇ ಇಟ್ಟುಕೊಂಡು, ಸಾಂತ್ವನವನ್ನು ಕಾನೂನು ಮಾಡಿದ್ದಾರೆ. ಅಂದಹಾಗೆ, 'ಭಯಪಡಬೇಡ' ಎಂದು ದೂತ ಬಂದು ಹೇಳಿದ ಮೇಲೂ ಪೌಲನ ಹಡಗು ಉಳಿಯಲಿಲ್ಲ. ಅದು ದಿಬ್ಬಕ್ಕೆ ಬಡಿದು ಒಡೆಯಿತು. ಜನ ಉಳಿದದ್ದು ಈಜಿಕೊಂಡು, ಹಲಗೆ ಹಿಡಿದುಕೊಂಡು.

ಇನ್ನೆರಡು ವಚನಗಳನ್ನು ಎದುರಿಗೆ ಹಿಡಿಯುತ್ತಾರೆ. ದೇವರು ಕೊಟ್ಟದ್ದು ಭಯದ ಆತ್ಮವಲ್ಲ ಎಂದು ತಿಮೊಥೆಯನಿಗೆ ಬರೆದಿದೆಯಲ್ಲ ಎನ್ನುತ್ತಾರೆ. ಅಲ್ಲಿರುವ ಗ್ರೀಕ್ ಪದ 'ದೆಯ್ಲಿಯಾ'. ಅದಕ್ಕೆ ಅರ್ಥ ಹೇಡಿತನ. ಹೆದರಿಕೆಗೆ ಗ್ರೀಕಿನಲ್ಲಿ ಬೇರೆಯೇ ಪದವಿದೆ, 'ಫೋಬೋಸ್'. ಹೆದರಿಕೆ ಎಲ್ಲರಿಗೂ ಆಗುತ್ತದೆ. ಹೆದರಿ ಮಾಡಬೇಕಾದ್ದನ್ನು ಬಿಟ್ಟು ಓಡುವುದು ಹೇಡಿತನ. ಪರಿಪೂರ್ಣ ಪ್ರೀತಿ ಭಯವನ್ನು ಹೊರದೂಡುತ್ತದೆ ಎಂದು ಯೋಹಾನನ ಪತ್ರದಲ್ಲಿ ಇರುವುದೂ ನಿಜ. ಅಲ್ಲಿ ಯಾವ ಭಯದ ಮಾತು? ನ್ಯಾಯತೀರ್ಪಿನ ದಿನ ದೇವರು ದಂಡಿಸಿಯಾನೆಂಬ ಭಯದ ಮಾತು. ಕ್ಯಾನ್ಸರಿನ ಭಯದ ಪ್ರಸ್ತಾಪ ಅಲ್ಲಿಲ್ಲ. ಇದರಲ್ಲೊಂದು ಕ್ರೌರ್ಯವಿದೆ: ದಂಡನೆಯ ಭಯವನ್ನು ತೆಗೆಯಲು ಬರೆದ ವಚನವನ್ನೇ ಹಿಡಿದು, 'ಹೆದರಿದ್ದಕ್ಕೆ ದೇವರು ನಿನ್ನನ್ನು ಗುಣಪಡಿಸಲಿಲ್ಲ' ಎಂದು ರೋಗಿಯನ್ನು ದಂಡಿಸುತ್ತಾರೆ.

ಅವ್ವ ಆ ರಾತ್ರಿ ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಯೇಸುಸ್ವಾಮಿಗೂ ಅಂಜಿಕಿ ಆಗಿತ್ತಲ್ಲೋ?"

ಆಗಿತ್ತು. ಮಾರ್ಕನು ಅದನ್ನು ಮುಚ್ಚಿಡದೆ ಬರೆದಿದ್ದಾನೆ. ಗೆತ್ಸೇಮನೆ ತೋಟಕ್ಕೆ ಬಂದಾಗ ಯೇಸು ದಿಗಿಲುಬಿದ್ದ, ಸಾಯುವಷ್ಟು ದುಃಖವಾಗುತ್ತಿದೆ ಎಂದು ಮೂವರು ಶಿಷ್ಯರೆದುರು ಬಾಯಿಬಿಟ್ಟು ಹೇಳಿದ, ಎಚ್ಚರವಾಗಿ ಜೊತೆಗಿರಿ ಎಂದು ಬೇಡಿಕೊಂಡ, ನೆಲಕ್ಕೆ ಬಿದ್ದು ಈ ಪಾತ್ರೆ ತಪ್ಪಲಿ ಎಂದು ಪ್ರಾರ್ಥಿಸಿದ. ಸೋಲಿನ ಮಾತು ಬಾಯಿಂದ ಬರಬಾರದು ಎಂಬ ನಿಯಮಕ್ಕೆ ಕಟ್ಟಿದರೆ ಮೊದಲು ತಪ್ಪಿತಸ್ಥನಾಗುವವನು ಇವನೇ. ಲೂಕನಲ್ಲಿ ಇನ್ನೊಂದು ವಿವರವಿದೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಅದನ್ನು ಹೇಳುವ ಎರಡು ವಚನಗಳಿಲ್ಲದ್ದರಿಂದ ವಿದ್ವಾಂಸರು ಅವನ್ನು ಚರ್ಚಿಸುತ್ತಾರೆ. ಚರ್ಚ್ ಮಾತ್ರ ಶತಮಾನಗಳಿಂದ ಓದುತ್ತಾ ಬಂದಿದೆ. ಪರಲೋಕದಿಂದ ದೂತ ಬಂದು ಯೇಸುವನ್ನು ಬಲಪಡಿಸುತ್ತಾನೆ. ಅದಾದ ಮೇಲೆ ಏನು? ಸಂಕಟ ಇನ್ನೂ ಹೆಚ್ಚುತ್ತದೆ. ರಕ್ತದ ಹನಿಗಳಂತೆ ಬೆವರು ನೆಲಕ್ಕೆ ಬೀಳುವುದು ದೂತ ಬರುವ ಮೊದಲಲ್ಲ, ಬಂದ ಮೇಲೆ. ದೇವರ ಸಹಾಯ ಪಕ್ಕಕ್ಕೇ ಬಂದು ನಿಂತಿತ್ತು, ಭಯವೂ ಹೋಗಿರಲಿಲ್ಲ. ಎರಡೂ ಒಂದೇ ಮರದ ಕೆಳಗೆ, ಒಂದೇ ಗಳಿಗೆಯಲ್ಲಿ.

ಯೇಸುವಿನ ಈ ಹೆದರಿಕೆಯನ್ನು ಕಂಡು ನಾಚಿಕೆಪಡಬೇಕೆಂದು ಹೇಳಿದ ಹಳೆಯ ಲೇಖಕ ಯಾರು ಗೊತ್ತೆ? ಕ್ರೈಸ್ತರ ಕಡುವೈರಿ. 2ನೆಯ ಶತಮಾನದ ಗ್ರೀಕ್ ದಾರ್ಶನಿಕ ಕೆಲ್ಸಸ್. ದೇವರೆಂದು ಹೇಳಿಕೊಂಡವನು ಸಾವಿಗೆ ಅಂಜಿ ಗೋಳಾಡುವುದೇ, ತಪ್ಪಿಸು ಎಂದು ಬೇಡುವುದೇ ಎಂದು ಅವನು ಹಂಗಿಸಿದ. ದೇವರೆಂದರೆ ಅಲುಗಾಡದವನು, ಬಲಾಢ್ಯ, ನೋವು ತಾಗದವನು ಎಂಬುದು ಅವನ ಲೆಕ್ಕ. ಸುಮಾರು 248ರಲ್ಲಿ ಒರಿಗೆನ್ ಅವನಿಗೆ ಎಂಟು ಸಂಪುಟಗಳಷ್ಟು ಉತ್ತರ ಬರೆದ. ಅಷ್ಟಾದರೂ ಕೆಲ್ಸಸ್ ಸೋಲಲಿಲ್ಲವೆಂದು ನನಗೆ ಈಗೀಗ ಅನ್ನಿಸುತ್ತದೆ. ಅವನ ದೇವರನ್ನೇ ನಮ್ಮ ವೇದಿಕೆಗಳ ಮೇಲೆ ಮೈಕ್ ಹಿಡಿದವರು ಸಾರುತ್ತಿದ್ದಾರೆ, ಯೇಸುವಿನ ಹೆಸರಿಟ್ಟು.

ಗೆತ್ಸೇಮನೆಯನ್ನು ಸರಿಯಾಗಿ ಓದಿದವರೂ ಇದ್ದರು. ಅಂಥವರಲ್ಲೊಬ್ಬ ಥಾಮಸ್ ಮೋರ್. ಇಂಗ್ಲೆಂಡಿನ ರಾಜ 8ನೆಯ ಹೆನ್ರಿಯ ಲಾರ್ಡ್ ಚಾನ್ಸಲರ್ ಆಗಿದ್ದವನು, ರಾಜ ಕೇಳಿದ ಪ್ರಮಾಣವಚನ ಮಾಡಲಾರೆನೆಂದು 1534ರಲ್ಲಿ ಲಂಡನ್ನಿನ ಕೋಟೆಯ ಸೆರೆ ಸೇರಿದ. ತಲೆ ಹೋಗುವುದು ಬಹುಮಟ್ಟಿಗೆ ಖಚಿತವಿತ್ತು. ಆತ ಧೀರನಂತೆ ನಟಿಸಲಿಲ್ಲ. ತನಗೆ ನೋವೆಂದರೆ ಹೆದರಿಕೆ ಎಂದು ಮಗಳೆದುರು ಒಪ್ಪಿಕೊಂಡಿದ್ದ. ಅಲ್ಲಿ ಕೂತು ಅವನು ಲ್ಯಾಟಿನ್ನಿನಲ್ಲಿ ಬರೆದ ಕೊನೆಯ ಪುಸ್ತಕ ಗೆತ್ಸೇಮನೆಯ ಯೇಸುವಿನ ದುಃಖವನ್ನು ಕುರಿತದ್ದು. ನಗುನಗುತ್ತಾ ಸಾಯಲು ಹೋದ ಹುತಾತ್ಮರಿದ್ದಾರೆ, ಸರಿ. ಅವರಂತೆ ಆಗಲಾರದೆ ಕೈಕಾಲು ನಡುಗುವವರಿಗೂ ಮುಂದೆ ನಡೆಯುವ ಒಬ್ಬ ನಾಯಕ ಬೇಕಲ್ಲ, ಅದಕ್ಕೇ ಕ್ರಿಸ್ತ ಆ ರಾತ್ರಿ ಅಂಜಿಕೆಯನ್ನು ತನ್ನ ಮೇಲೆ ತೆಗೆದುಕೊಂಡ ಎಂಬುದು ಅದರ ತಿರುಳು. ಪುಸ್ತಕ ಪೂರ್ತಿಯಾಗುವ ಮೊದಲೇ ಬರೆಯುವ ಸಾಮಾನು ಕಿತ್ತುಕೊಂಡರು. 1535ರ ಜುಲೈ 6ರಂದು ಅವನ ತಲೆ ಕಡಿದರು. ಕೈಬರಹದ ಪ್ರತಿ ಸ್ಪೇನಿನ ವೆಲೆನ್ಸಿಯಾದಲ್ಲಿ ಇಂದಿಗೂ ಇದೆ. ಹೆದರಿದವನು ಹಿಂದೆ ಸರಿಯಲಿಲ್ಲ ಎಂಬುದನ್ನು ಗಮನಿಸಿ. ಹೆದರಿಕೆಗೂ ಹೇಡಿತನಕ್ಕೂ ನಡುವಿನ ಅಂತರವನ್ನು ಆ ಮನುಷ್ಯ ಕುತ್ತಿಗೆಯಿಂದ ಅಳೆದು ತೋರಿಸಿದ.

ಕೊರೋನಾ ಕಾಲದಲ್ಲಿ 91ನೆಯ ಕೀರ್ತನೆಯನ್ನು ಮನೆಬಾಗಿಲಿಗೆ ಅಂಟಿಸಿದವರು ಬಹಳ. ಪ್ರಾರ್ಥನೆಯಾಗಿ ಅಂಟಿಸಿದವರ ಮೇಲೆ ನನಗೆ ತಕರಾರಿಲ್ಲ, ನಾನೂ ಓದಿದ್ದೇನೆ. ಆದರೆ ಅದನ್ನೇ ತಾಯಿತ ಮಾಡಿ, ವಿಶ್ವಾಸಿಯ ಮನೆಯೊಳಗೆ ರೋಗ ಬರುವುದಿಲ್ಲ ಎಂದು ಭರವಸೆ ಕೊಟ್ಟರು. ಆ ಮನೆಗಳಲ್ಲೂ ಹೆಣ ಎದ್ದವು. ಮಣ್ಣು ಮಾಡಿ ಬಂದವರಿಗೆ ಉಳಿದದ್ದು ದುಃಖದ ಜೊತೆಗೆ 'ನಮ್ಮ ವಿಶ್ವಾಸ ಸಾಲಲಿಲ್ಲವೇ?' ಎಂಬ ಕೊರಗು. ಆ ಕೀರ್ತನೆಯನ್ನು ಗ್ಯಾರಂಟಿ ಪತ್ರದಂತೆ ಹಿಡಿದು, ದೂತರು ಕಾಯುತ್ತಾರೆ ಧುಮುಕು ಎಂದು ಯೇಸುವಿಗೆ ದೇವಾಲಯದ ತುದಿಯಲ್ಲಿ ಹೇಳಿದವನು ಯಾರೆಂದು ಮತ್ತಾಯನ ನಾಲ್ಕನೆಯ ಅಧ್ಯಾಯ ತೆರೆದು ನೋಡಿಕೊಳ್ಳಲಿ.

ಅದೇ ಕೀರ್ತನೆಗಳ ಗ್ರಂಥದಲ್ಲಿ, 91ಕ್ಕಿಂತ ಮೂರು ಕೀರ್ತನೆ ಹಿಂದೆ 88ನೆಯದಿದೆ. ಕೊನೆಯ ಸಾಲಿನವರೆಗೂ ಅದರಲ್ಲಿ ಬೆಳಕು ಬರುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆ, ದೇವರಿಗೇ ಮಾಡಿದ್ದು. ದೇವರೊಡನೆ ಜಗಳಕ್ಕೆ ನಿಲ್ಲುವುದು ಕನ್ನಡದ ಭಕ್ತರಿಗೆ ಹೊಸದೇನಲ್ಲ. ದಾಸರ ಹಾಡುಗಳಲ್ಲಿ ಅದಕ್ಕೆ ನಿಂದಾಸ್ತುತಿ ಎಂಬ ಹೆಸರೇ ಇದೆ. ನಮ್ಮ ನೆರೆಮನೆಯ ಭಕ್ತಿಯಲ್ಲಿ ಇರುವ ಈ ಸಲುಗೆ ನಮ್ಮದೇ ಬೈಬಲಿನಲ್ಲೂ ತುಂಬಿ ತುಳುಕುತ್ತಿರುವಾಗ, ಆಸ್ಪತ್ರೆಯ ಮಂಚದ ಮೇಲಿನ ಹೆಂಗಸಿಗೆ ನಾವೇಕೆ ಅದನ್ನು ನಿರಾಕರಿಸಬೇಕು?

ಜಯಬೋಧಕರೊಡನೆ ಜಗಳವೂ ಹೊಸದಲ್ಲ. ಕೊರಿಂಥದ ಸಭೆಗೆ ವಾಕ್ಚಾತುರ್ಯದ, ದರ್ಶನಗಳ, ಬಲದ ಬೋಧಕರು ಬಂದು, ಈ ಪೌಲ ಪತ್ರದಲ್ಲಿ ಗಟ್ಟಿ, ಎದುರಿಗೆ ಬಂದರೆ ಏನೂ ಇಲ್ಲದ ಮನುಷ್ಯ ಎಂದು ಹಗುರ ಮಾಡಿದರು. ಪೌಲ ತನ್ನ ಬಲವನ್ನು ಪಟ್ಟಿ ಮಾಡಿ ಉತ್ತರ ಕೊಡಬಹುದಿತ್ತು. ಅವನು ತಿಂದ ಏಟು, ಬಿದ್ದ ಸೆರೆ, ಒಡೆದ ಹಡಗು, ಹಸಿವು, ಚಳಿ ಎಲ್ಲವನ್ನೂ ಎಣಿಸಿ, ಕೊನೆಗೆ ದಮಸ್ಕದಲ್ಲಿ ತನ್ನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಕಿಟಕಿಯಿಂದ ಕೆಳಗಿಳಿಸಿದ ಕತೆ ಹೇಳುತ್ತಾನೆ. ರೋಮನ್ ಸೈನ್ಯದಲ್ಲಿ ಶತ್ರುವಿನ ಕೋಟೆಗೋಡೆಯನ್ನು ಮೊದಲು ಹತ್ತಿದ ಸೈನಿಕನಿಗೆ ಬಂಗಾರದ ಕಿರೀಟ ಇಡುತ್ತಿದ್ದರು. ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ಓಡಿದವನು ನಾನು ಎಂದು ಪೌಲ ಹೇಳಿದಾಗ ಆ ಕಾಲದ ಕಿವಿಗಳಿಗೆ ಅದು ಹೇಗೆ ಕೇಳಿಸಿರಬೇಕು! ಆಮೇಲೆ ಮೈಯಲ್ಲಿ ನೆಟ್ಟ ಮುಳ್ಳಿನ ಮಾತು ಬರುತ್ತದೆ. ಅದು ಯಾವ ಕಾಯಿಲೆಯೋ ಕಷ್ಟವೋ ಅವನು ಹೇಳಿಲ್ಲ. ತೆಗೆ ಎಂದು ಮೂರು ಸಲ ಬೇಡಿದ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು, ಬಲಹೀನತೆಯಲ್ಲೇ ನನ್ನ ಬಲ ಪೂರ್ಣವಾಗುವುದು ಎಂಬ ಉತ್ತರ ಬಂತು. ಸತ್ತವನನ್ನು ಎಬ್ಬಿಸಿದ ಕತೆ ಇರುವ ಅದೇ ಪೌಲ ತನ್ನ ಸಂಗಡಿಗ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋದ. ಪದೇಪದೇ ಅಸ್ವಸ್ಥನಾಗುತ್ತಿದ್ದ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ನಿನ್ನ ವಿಶ್ವಾಸ ಸಾಲದು ಎಂದು ಬರೆಯಲಿಲ್ಲ.

ಹಾಗಾದರೆ ದೇವರ ಸಾನ್ನಿಧ್ಯ ಗೊತ್ತಾಗುವುದು ಹೇಗೆ, ಒಳಗೆ ಸಮಾಧಾನವೇ ಇಲ್ಲದಿದ್ದರೆ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕಲ್ಕತ್ತೆಯಲ್ಲಿದೆ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಅಚ್ಚಾದವು. ಬಡವರ ನಡುವೆ ಕೆಲಸ ಆರಂಭಿಸಿದ ಹೊತ್ತಿನಿಂದಲೇ ಒಳಗೆ ಕತ್ತಲೆ ಕವಿದಿತ್ತು, ದೇವರು ಇದ್ದಾನೆಂಬ ಅನುಭವವೇ ಇರಲಿಲ್ಲ, 1958ರಲ್ಲಿ ಕೆಲವು ವಾರ ಬಿಟ್ಟರೆ ಅದು ದಶಕಗಟ್ಟಲೆ ಹಾಗೇ ಇತ್ತು ಎಂಬುದು ಅವುಗಳಿಂದ ತಿಳಿಯಿತು. ಹೊರಗೆ ಕಾಳಿಘಾಟಿನ ನಿರ್ಮಲ ಹೃದಯದಲ್ಲಿ ಸಾಯುವವರ ಹುಣ್ಣು ತೊಳೆಯುತ್ತಿದ್ದ ಕೈಗಳು. ಒಳಗೆ ಉತ್ತರವಿಲ್ಲದ ಪ್ರಾರ್ಥನೆ. ಪತ್ರಗಳನ್ನು ಓದಿ ಕೆಲವರು 'ಆಕೆಗೆ ವಿಶ್ವಾಸವೇ ಇರಲಿಲ್ಲ' ಎಂದರು. ನಮ್ಮ ಜಯಬೋಧಕರ ಅಳತೆಗೋಲೂ ಅದನ್ನೇ ಹೇಳಬೇಕಾಗುತ್ತದೆ. ಆ ಕತ್ತಲೆಯನ್ನು ಅರ್ಥಮಾಡಿಕೊಳ್ಳಲು ಆಕೆಗೆ ನೆರವಾದವರು ಜೆಸ್ವಿಟ್ ಗುರು ಜೋಸೆಫ್ ನಾಯ್ನರ್. ಅವರು ತೋರಿಸಿದಂತೆ, ಯಾರಿಗಾಗಿ ಆಕೆ ದುಡಿಯುತ್ತಿದ್ದರೋ ಆ ತೊರೆಯಲ್ಪಟ್ಟವರ ಪಾಲನ್ನೇ ದೇವರು ಆಕೆಗೂ ಕೊಟ್ಟಿದ್ದ. ದೇವರಿಗಾಗಿ ತೀರದ ಆ ಹಂಬಲವೇ ದೇವರು ಇದ್ದಾನೆಂಬುದರ ಗುರುತಾಗಿತ್ತು. ಅನುಭವ ಒಂದು, ಸಾನ್ನಿಧ್ಯ ಇನ್ನೊಂದು. ಮಗು ಜ್ವರದ ಮಂಪರಿನಲ್ಲಿ ತಾಯಿಯನ್ನು ಗುರುತಿಸದಿದ್ದರೂ ತಾಯಿ ಮಂಚದ ಪಕ್ಕದಲ್ಲೇ ಇರುತ್ತಾಳೆ.

ಮನಸ್ಸಿನ ಕಾಯಿಲೆಯ ವಿಷಯದಲ್ಲಂತೂ ಈ ಬೋಧನೆ ಜೀವಕ್ಕೇ ಎರವಾಗುತ್ತದೆ. ಖಿನ್ನತೆಯನ್ನು ದೆವ್ವವೆಂದು ಕರೆದು, ಮಾತ್ರೆ ನಿಲ್ಲಿಸಿ, ಬಿಡುಗಡೆಯ ಪ್ರಾರ್ಥನೆಗೆ ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಹೀಗೆ ಮಾಡುವವರೇ ತಮ್ಮ ಪ್ರಸಂಗಗಳಲ್ಲಿ ಇಂಗ್ಲೆಂಡಿನ ಬೋಧಕ ಸ್ಪರ್ಜನ್ ಹೆಸರು ಹೇಳುತ್ತಾರೆ. 1856ರ ಅಕ್ಟೋಬರ್ 19ರ ಸಂಜೆ ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ 22 ವರ್ಷದ ಸ್ಪರ್ಜನ್ ಪ್ರಸಂಗ ಮಾಡುತ್ತಿದ್ದಾಗ ಯಾರೋ 'ಬೆಂಕಿ' ಎಂದು ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಅಂದಿನಿಂದ ಸಾಯುವ ತನಕ ಖಿನ್ನತೆ ಅವರನ್ನು ಮತ್ತೆ ಮತ್ತೆ ಕೆಡವಿತು. ಅದನ್ನು ಅವರು ಬಚ್ಚಿಡದೆ, ಬೋಧಕರಾಗಲು ಬಂದ ವಿದ್ಯಾರ್ಥಿಗಳಿಗೆ ಆ ಕುರಿತೇ ಒಂದು ಪೂರ್ತಿ ಉಪನ್ಯಾಸ ಕೊಟ್ಟರು. ಎಲೀಯನ ಕತೆಯೂ ಅಷ್ಟೇ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಗಿಡದ ಕೆಳಗೆ ಮಲಗಿ, ಸಾವು ಕೊಡು ಎಂದು ಕೇಳಿಕೊಂಡ ಪ್ರವಾದಿಗೆ ದೇವರಿಂದ ಮೊದಲು ಸಿಕ್ಕಿದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು, ನಿದ್ದೆ. ಎದ್ದ ಮೇಲೆ ಇನ್ನೊಮ್ಮೆ ರೊಟ್ಟಿ. ಮಾತು ಬಂದದ್ದು ಆಮೇಲೆ, ನಲವತ್ತು ದಿನಗಳ ದಾರಿ ನಡೆದಾದ ಮೇಲೆ.

ಬಲಹೀನತೆಯಲ್ಲೇ ದೇವರು ಸಿಗುತ್ತಾನೆಂದರೆ ಜನರನ್ನು ಬಲಹೀನರಾಗಿಯೇ ಇರಿ ಎಂದಂತಾಗುವುದಿಲ್ಲವೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಹೊಡೆಯುವ ಗಂಡನ ಮನೆಗೆ 'ನಿನ್ನ ಶಿಲುಬೆ ನೀನೇ ಹೊರು' ಎಂದು ಹೆಣ್ಣುಮಕ್ಕಳನ್ನು ವಾಪಸ್ ಕಳಿಸಿದವರು ನಮ್ಮ ಸಭೆಗಳಲ್ಲಿದ್ದಾರೆ. ಅದೂ ಅಷ್ಟೇ ದೊಡ್ಡ ಪಾಪ. ಯೇಸು ಪಾತ್ರೆ ತಪ್ಪಿಸು ಎಂದು ಕೇಳಿದ. ಪೌಲ ಮುಳ್ಳು ತೆಗೆ ಎಂದು ಕೇಳಿದ, ಕೊಲ್ಲಬಂದವರಿಂದ ಬುಟ್ಟಿಯಲ್ಲಿ ಕೂತು ತಪ್ಪಿಸಿಕೊಂಡ. ಡಾಕ್ಟರ ಹತ್ತಿರ ಹೋಗುವುದು, ಪೊಲೀಸರಿಗೆ ದೂರು ಕೊಡುವುದು, ಮನೆ ಬಿಟ್ಟು ಬರುವುದು, ಗುಣಕ್ಕಾಗಿ ಪ್ರಾರ್ಥಿಸುವುದು ಯಾವುದೂ ವಿಶ್ವಾಸಕ್ಕೆ ವಿರೋಧವಲ್ಲ. ದೇವರು ಗುಣಪಡಿಸುವುದಿಲ್ಲ ಎಂದೂ ನಾನು ಹೇಳುತ್ತಿಲ್ಲ. ಗುಣವಾಗದವರನ್ನು ದೇವರು ಬಿಟ್ಟುಹೋಗಿದ್ದಾನೆ ಎಂಬುದನ್ನಷ್ಟೇ ಒಪ್ಪುವುದಿಲ್ಲ.

ಎಲ್ಲವನ್ನೂ ಕಳೆದುಕೊಂಡು ಕೂತಿದ್ದ ಯೋಬನ ಗೆಳೆಯರು ಬಂದ ಹೊಸದರಲ್ಲಿ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು, ನಿನ್ನಲ್ಲೇ ಏನೋ ತಪ್ಪಿರಬೇಕು ಎಂದು ದೇವರ ಪರವಾಗಿ ವಾದ ಹೂಡಿದ ಮೇಲೆ, ಕೊನೆಗೆ ದೇವರ ಕೋಪಕ್ಕೆ ಗುರಿಯಾದವರು ಅವರೇ. ಅತ್ತು, ಜಗಳಾಡಿ, ಹುಟ್ಟಿದ ದಿನವನ್ನೇ ಶಪಿಸಿದ ಯೋಬ ಸರಿಯಾಗಿ ಮಾತಾಡಿದ ಎಂದು ದೇವರು ತೀರ್ಪು ಕೊಟ್ಟ.

ಅವ್ವ ಆಪರೇಷನ್ನಿನ ನಂತರ ಒಂದು ವರ್ಷ ನಾಲ್ಕು ತಿಂಗಳು ಬದುಕಿದಳು. ಗಡ್ಡೆ ಕೆಟ್ಟದ್ದೇ ಆಗಿತ್ತು. ಆ ತಿಂಗಳುಗಳಲ್ಲಿ ಭಾನುವಾರದ ಸಾಕ್ಷಿಯ ಹೊತ್ತಿನಲ್ಲಿ ಕೆಲಸ ಸಿಕ್ಕವರು, ಸಾಲ ತೀರಿದವರು, ಸಕ್ಕರೆ ಕಾಯಿಲೆ ಹತೋಟಿಗೆ ಬಂದವರು ಎದ್ದು ನಿಂತು ಮಾತಾಡಿದರು. ಕಡೆಯ ಬೆಂಚಿನಲ್ಲಿ ತಲೆಗೆ ಸೆರಗು ಹೊದ್ದು ಕೂತಿದ್ದ ಅವಳನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ಹೇಳಲು ಅವಳ ಹತ್ತಿರ ಮಾತಿತ್ತು. ನನಗೆ ಹೇಳಿದ್ದಳು: "ಅಂಜಿಕಿ ಹೋಗಿಲ್ಲ. ಆದ್ರ ನಾ ಒಬ್ಬಾಕಿನ ಇಲ್ಲಪಾ."

ಸಭಾಪಾಲಕರೇ, ಗುರುಗಳೇ, ಕೂಟ ನಡೆಸುವ ಹಿರಿಯರೇ, ಬರುವ ಭಾನುವಾರ ಸಾಕ್ಷಿಯ ಹೊತ್ತು ಬಂದಾಗ, ಇನ್ನೂ ಗುಣವಾಗದ, ಇನ್ನೂ ಹೆದರುತ್ತಿರುವ ಒಬ್ಬರನ್ನು ಕರೆದು ಮೈಕ್ ಕೊಡಿ. ಅವರು ಮಾತು ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.